ಪದ್ಮಿನಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಸೋ ಮುಂಚೆ ಡಿಸ್ಟ್ರಿಬ್ಯೂಟರ್ ನೋಡಿ

ಪದ್ಮಿನಿ, ಅಂಬಾಸಿಡರ್ ಇಟ್ಕೊಂಡಿರೋರು ಸುಮಾರು ಜನ ಕೇಳ್ತಾನೇ ಇರ್ತಾರೆ, ಪಾಯಿಂಟ್ (ಕಾಯಿಲ್ ಕರೆಂಟ್ ಕಟ್ ಮಾಡಿ ಕಿಡಿ ಹುಟ್ಟಿಸೋ ಸಣ್ಣ ಸ್ವಿಚ್) ತೆಗ್ಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಸೋದಾ, ಹಾಕ್ಸೋದಾದ್ರೆ ಯಾವ್ದು ಅಂತ. ಹಾಕ್ಸಿ, ಆದ್ರೆ ದುಡ್ಡು ಮೊದ್ಲು ಡಿಸ್ಟ್ರಿಬ್ಯೂಟರ್‌ಗೆ, ಅಂದ್ರೆ ಪ್ಲಗ್‌ಗಳಿಗೆ ಸರದಿ ಪ್ರಕಾರ ಕಿಡಿ ಹಂಚೋ ಭಾಗಕ್ಕೆ ಹೋಗ್ಲಿ, ಪಾಯಿಂಟ್ ಜಾಗದಲ್ಲಿ ಕೂರೋ ಎಲೆಕ್ಟ್ರಾನಿಕ್ ಮಾಡ್ಯೂಲ್ ಆಮೇಲೆ.

ಪಾಯಿಂಟ್ ಕೆಟ್ಟ ಸಿಸ್ಟಮ್ಮೇನಲ್ಲ, ಅದನ್ನ ಕಾರಿಗೆ ತಂದ ಅಮೆರಿಕದ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಕಾಲದಿಂದ ಅಂದ್ರೆ 1910ರ ದಶಕದಿಂದ ದಶಕಗಟ್ಟಲೆ ಪ್ರಪಂಚದ ಬಹುಪಾಲು ಪೆಟ್ರೋಲ್ ಕಾರು ಅದ್ರಲ್ಲೇ ಓಡಿದ್ದು. ಆದ್ರೆ ನಾಲ್ಕು ಸಿಲಿಂಡರ್ ಇಂಜಿನ್ 4000 ಆರ್‌ಪಿಎಂನಲ್ಲಿದ್ರೆ ಪಾಯಿಂಟ್ ನಿಮಿಷಕ್ಕೆ 8000 ಸಲ ತೆಕ್ಕೊಂಡು ಮುಚ್ಕೋಬೇಕು, ಅದ್ರ ಹೀಲ್ (ಕ್ಯಾಮ್ ಮೇಲೆ ಉಜ್ಜೋ ತುದಿ) ಸವೆಯುತ್ತೆ, ಗ್ಯಾಪ್ ಕಮ್ಮಿ ಆಗ್ತಾ ಟೈಮಿಂಗೂ ರಿಟಾರ್ಡ್ ಆಗುತ್ತೆ ಅಂದ್ರೆ ಕಿಡಿ ತಡವಾಗಿ ಬರುತ್ತೆ, ಗಾಡಿ ಎಳೆಯಲ್ಲ, ನಾವು ಕಾರ್ಬೊರೇಟರ್ ಬಿಚ್ಚಿ ಕೂರ್ತೀವಿ. ಅದೂ ಅಲ್ದೆ ಪಾಯಿಂಟ್ ಸುಡದ ಹಾಗೆ ಕಾಯೋ ಕಂಡೆನ್ಸರ್, ಈಗ ಸಿಗೋದನ್ನ ನಂಬ್ಕೊಂಡು ಊರು ಬಿಡೋಕೆ ನನಗಂತೂ ಧೈರ್ಯ ಬರಲ್ಲ.

ಈಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗ್ದು ಒಳಗೆ ತಿರುಗೋ ರೋಟರ್ ಹಿಡ್ಕೊಂಡು ಅಡ್ಡಡ್ಡ ಅಲ್ಲಾಡ್ಸಿ. ಶಾಫ್ಟ್ ಲೊಡಲೊಡ ಅಂದ್ರೆ ಬುಷ್ ಹೋಗಿದೆ ಅಂತ, ಲೇತ್ ಅಂಗಡೀಲಿ ಹೊಸ ಬುಷ್ ಮಾಡ್ಸಿ. ಆಮೇಲೆ ರೋಟರ್‌ನ ಸ್ವಲ್ಪ ತಿರುಗ್ಸಿ ಬಿಡಿ, ತಾನಾಗೇ ಟಪ್ ಅಂತ ವಾಪಸ್ ಬರ್ಬೇಕು, ಬರ್ಲಿಲ್ಲ ಅಂದ್ರೆ ಇಂಜಿನ್ ಸ್ಪೀಡ್ ಏರಿದ ಹಾಗೆ ಕಿಡಿ ಬೇಗ ಬರೋ ಥರ ಮಾಡೋ ಒಳಗಿನ ಅಡ್ವಾನ್ಸ್ ವೇಟ್ ಜಾಮ್ ಆಗಿದೆ ಇಲ್ಲಾ ಸ್ಪ್ರಿಂಗ್ ಸಡ್ಲ. ಇದೇ ಕೆಲ್ಸವನ್ನ ಇಂಜಿನ್ ಎಳೆತದಿಂದ ಮಾಡೋ ವ್ಯಾಕ್ಯೂಮ್ ಅಡ್ವಾನ್ಸ್ ಇರೋ ಗಾಡೀಲಿ ಪೈಪ್ ಬಾಯಲ್ಲಿ ಎಳೆದು ಪ್ಲೇಟ್ ಅಲ್ಲಾಡುತ್ತಾ ನೋಡಿ. ಇವು ಯಾವ್ದನ್ನೂ ಮಾಡ್ಯೂಲ್ ರಿಪೇರಿ ಮಾಡಲ್ಲ, ಎಷ್ಟೇ ದುಬಾರಿದು ತಂದ್ರೂ ಅಷ್ಟೇ. ಇದಿಷ್ಟು ಸರಿ ಮಾಡ್ಸಿದ್ರೇನೇ ಅರ್ಧ ಜನಕ್ಕೆ ಹಳೇ ಪಾಯಿಂಟ್‌ನಲ್ಲೇ ಗಾಡಿ ಚೆನ್ನಾಗಿ ಓಡುತ್ತೆ ಅನ್ನೋದು ನನ್ನ ನಂಬಿಕೆ.

ಆಯ್ಕೆ ವಿಷ್ಯಕ್ಕೆ ಬಂದ್ರೆ, 123 ಅನ್ನೋ ಬ್ರ್ಯಾಂಡ್ ಥರದ ಪೂರ್ತಿ ಹೊಸ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಬರುತ್ತೆ, ಅಡ್ವಾನ್ಸ್ ಕರ್ವ್ ಬೇಕಾದ್ದು ಆರಿಸ್ಕೋಬಹುದು, ಒಳ್ಳೇ ಮಾಲು, ಆದ್ರೆ ದುಡ್ಡು ಜಾಸ್ತಿ. ಭಾನುವಾರ ಮನೆಯವರ್ನ ಕೂರಿಸ್ಕೊಂಡು ಹೋಗೋ 1089 ಸಿಸಿ ಪದ್ಮಿನಿಗೆ ಅದು ಬೇಕಿಲ್ಲ. ಪರ್ಟ್ರಾನಿಕ್ಸ್ ಥರ ಹಳೇ ಕ್ಯಾಪ್ ಒಳಗೇ ಕೂರೋ ಹಾಲ್ ಸೆನ್ಸರ್ (ಮ್ಯಾಗ್ನೆಟ್ ಹಾದು ಹೋಗೋದನ್ನ ಗುರುತಿಸೋ ಸೆನ್ಸರ್) ಮಾಡ್ಯೂಲೇ ನನ್ನ ಆಯ್ಕೆ, ಹೊರಗಿಂದ ನೋಡಿದ್ರೆ ಗೊತ್ತೂ ಆಗಲ್ಲ. ಎಲ್ಲಕ್ಕಿಂತ ಮುಖ್ಯ, ವಾಪಸ್ ಪಾಯಿಂಟ್ ಹಾಕೋಬಹುದು. ಮಾಡ್ಯೂಲ್ ಹೋದ್ರೆ ರಸ್ತೇಲಿ ಯಾರೂ ರಿಪೇರಿ ಮಾಡಕ್ಕಾಗಲ್ಲ, ರಾತ್ರಿ ಶಿರಾಡಿ ಘಾಟ್‌ನಲ್ಲಿ ನಿಂತ್ರೆ ಒಂದು ಸ್ಕ್ರೂ ಡ್ರೈವರ್, ಗ್ಯಾಪ್ ಅಳೆಯೋ ಒಂದು ಫೀಲರ್ ಗೇಜ್, ಡ್ಯಾಶಲ್ಲಿ ಇಟ್ಟಿರೋ ಪಾಯಿಂಟು, ಕಂಡೆನ್ಸರ್ರೇ ಮನೆ ಸೇರಿಸ್ಬೇಕು. ಅದಕ್ಕೇ ಬಿಚ್ಚಿದ್ದನ್ನ ಎಸೀಬೇಡಿ.

ತಗೊಳ್ವಾಗ ಕಾರ್ ಹೆಸರು ಹೇಳಿ ತಗೋಬೇಡಿ, ಇಷ್ಟು ವರ್ಷದಲ್ಲಿ ಯಾರ್ಯಾರು ಯಾವ ಡಿಸ್ಟ್ರಿಬ್ಯೂಟರ್ ಕೂರ್ಸಿದಾರೋ, ಬಾಡಿ ಮೇಲಿರೋ ನಂಬರ್ ಫೋಟೋ ತೆಗ್ದು ಬೆಂಗಳೂರಿನ ಜೆ.ಸಿ. ರೋಡ್ ಸ್ಪೇರ್ ಪಾರ್ಟ್ಸ್ ಅಂಗಡೀಲಿ ತೋರ್ಸಿ. ಕಾಯಿಲ್ ವೈರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಪ್ರೈಮರಿ ಅಳೀರಿ. ಬ್ಯಾಲಸ್ಟ್ (ಕರೆಂಟ್ ತಗ್ಗಿಸೋ ರೆಸಿಸ್ಟರ್) ಇಲ್ದೆ ಓಡೋ ಕಾಯಿಲ್ ಸುಮಾರು 3 ಓಮ್ ತೋರಿಸುತ್ತೆ, ಬ್ಯಾಲಸ್ಟ್ ಜೊತೆದು 1.5 ಓಮ್, ಇದನ್ನ ನೇರ 12 ವೋಲ್ಟ್‌ಗೆ ಕೊಟ್ರೆ ಕರೆಂಟ್ ಡಬಲ್ ಆಗುತ್ತೆ, 3 ಓಮ್‌ಗೆ ಅಂತ ಮಾಡಿರೋ ಮಾಡ್ಯೂಲ್ ಸುಟ್ಟೋಗುತ್ತೆ. ಇಂಜಿನ್ ಆಫ್ ಮಾಡಿ ಕೀ ಆನ್ ಇಟ್ಕೊಂಡು ರೇಡಿಯೋ ಕೇಳೋದೂ ಬೇಡ, ಕಾಯಿಲ್, ಮಾಡ್ಯೂಲ್ ಬಿಸಿ ಆಗಿ ಹೋಗ್ಬಹುದು. ತಾಮ್ರದ ಪ್ಲಗ್ ವೈರ್ ಇದ್ರೆ ಅದ್ರ ಎಲೆಕ್ಟ್ರಿಕಲ್ ಗದ್ದಲ ಮಾಡ್ಯೂಲ್‌ಗೆ ತೊಂದ್ರೆ ಕೊಡುತ್ತೆ, ತೆಗ್ದು ಕಾರ್ಬನ್ ಸಪ್ರೆಸರ್ ವೈರ್ ಹಾಕ್ಸಿ.

ಮಾಡ್ಯೂಲ್ ಕೂರ್ಸಿದ್ ಮೇಲೆ ಟೈಮಿಂಗ್ ಮೊದಲಿದ್ದ ಜಾಗದಲ್ಲಿ ಇರಲ್ಲ. ಮೆಕ್ಯಾನಿಕ್ ಕಿವಿ ಎಷ್ಟೇ ಚೆನ್ನಾಗಿರ್ಲಿ, ಕಿಡಿ ಬರೋ ಕ್ಷಣ ತೋರ್ಸೋ ಟೈಮಿಂಗ್ ಲೈಟ್ ಹಿಡಿಸಿ ಟೈಮಿಂಗ್ ಸೆಟ್ ಮಾಡಿಸ್ಕೊಂಡೇ ಗಾಡಿ ತಗೊಂಡ್ ಬನ್ನಿ.