ಇದನ್ನು ಮಾಡಿದವರು ಯಾರು?

ನಿನ್ನೆ ಜೆಪಿ ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೆ ಮತ್ತೆ ಹೋಗಿದ್ದೆ. 2019ರಲ್ಲಿ ಶುರುವಾದಾಗಿನಿಂದ ಅದು ನನ್ನ ಅಚ್ಚುಮೆಚ್ಚಿನ ಜಾಗ, ನಿಮಗೆಲ್ಲ ಗೊತ್ತೇ ಇದೆ. ಊರಿಂದ ಯಾರೇ ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಹೊರಗಿನ ಸೌಂಡ್ ಗಾರ್ಡನ್‌ನಲ್ಲಿ ಮಕ್ಕಳು ತಟ್ಟುತ್ತಾ ಬಡಿಯುತ್ತಾ ನಾದ ಹುಡುಕುವುದನ್ನು ನೋಡುವುದೇ ಒಂದು ಖುಷಿ. ನಮ್ಮ ಊರಲ್ಲಿ ಸಂಗೀತಕ್ಕೇ ಅಂತ ಇಂಥದ್ದೊಂದು ಜಾಗ ಇದೆಯಲ್ಲ ಅಂತ ಪ್ರತಿ ಸಲವೂ ಹೆಮ್ಮೆ ಆಗುತ್ತದೆ.

ಈ ಸಲ ಮಾತ್ರ ಸಿಟ್ಟು ಹೊತ್ತುಕೊಂಡು ಬಂದೆ. ಮ್ಯೂಸಿಯಂ ಮೇಲಲ್ಲ. ನಮ್ಮ ಮೇಲೆ.

ವೀಣೆಯ ಮುಂದೆ ಒಬ್ಬ ಪುಟ್ಟ ಹುಡುಗಿ ನಿಂತಿದ್ದಳು. ಆರೇಳು ವರ್ಷ ಇರಬಹುದು. "ಅಪ್ಪಾ, ಇದನ್ನ ಯಾರು ಮಾಡಿದ್ದು?" ಅಂತ ಕೇಳಿದಳು. ಅವರಪ್ಪ ಮೊಬೈಲ್‌ನಿಂದ ಕಣ್ಣೆತ್ತದೆ, "ಅದು ಸರಸ್ವತಿ ವೀಣೆ ಪುಟ್ಟಾ, ದೇವರು ನುಡಿಸೋದು. ಬಾ, ಮುಂದೆ ಹೋಗೋಣ" ಅಂದರು. ಮಗು ಕೇಳಿದ್ದು ಅದಲ್ಲ. ಮತ್ತೊಂದು ಸಲ ಕೇಳಿದಳು. ಅಷ್ಟರಲ್ಲಿ ಕೈ ಹಿಡಿದು ಕರೆದುಕೊಂಡು ಹೋದರು.

ಎಂಥ ಒಳ್ಳೆ ಪ್ರಶ್ನೆ ಅಲ್ವಾ? ನಮ್ಮಲ್ಲಿ ದೊಡ್ಡವರು ಯಾರಾದರೂ ಇದನ್ನು ಕೇಳಿದ್ದೇವಾ?

ಸಂಗೀತ ಕಛೇರಿಗೆ ಹೋಗುತ್ತೇವೆ. ಹಾಡುವವರ ಹೆಸರು, ಪಕ್ಕವಾದ್ಯದವರ ಹೆಸರು, ಅವರ ಗುರುಗಳ ಹೆಸರು, ಪ್ರಾಯೋಜಕರ ಹೆಸರು ಎಲ್ಲ ಹೇಳುತ್ತಾರೆ. ಕೊನೆಗೆ ಮೈಕ್ ಸೆಟ್‌ನವರಿಗೂ ವಂದನೆ. ಹೇಳಲಿ, ಅವರೂ ದುಡಿದಿದ್ದಾರೆ. ಆದರೆ ಆ ಮೃದಂಗಕ್ಕೆ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಹಾಕಿದವರು ಯಾರು? ಆ ವೀಣೆಗೆ ಮೇಳ ಕಟ್ಟಿದವರು, ಅಂದರೆ ಸ್ವರದ ಮೆಟ್ಟಿಲು ಕೂರಿಸಿದವರು, ಯಾರು? ಒಂದು ವೇದಿಕೆಯಲ್ಲೂ ನಾನು ಆ ಹೆಸರು ಕೇಳಿಲ್ಲ.

ಆ ಹುಡುಗಿಗೆ ಉತ್ತರ ಕೊಡೋಕೆ ದೂರ ಹೋಗಬೇಕಿರಲಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಿಂಪಾಡಿಪುರ ಅಂತ ಒಂದು ಊರಿದೆ. ಅಲ್ಲಿನ ಮನೆಗಳಲ್ಲಿ ವೀಣೆ ಮಾಡುತ್ತಾರೆ. ಹಲಸಿನ ಮರ ತಂದು, ಚೆನ್ನಾಗಿ ಒಣಗಿಸಿ, ಕೊಡವನ್ನು, ಅಂದರೆ ವೀಣೆಯ ದುಂಡಗಿನ ಬುಡವನ್ನು, ಒಳಗಿನಿಂದ ಕೊರೆಯುತ್ತಾರೆ. ಕೊಡದ ಗೋಡೆ ದಪ್ಪ ಆದರೆ ನಾದ ಒಳಗೇ ಉಳಿಯುತ್ತದೆ, ತೆಳು ಆದರೆ ಸೀಳುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ಉಳಿ ಹಿಡಿದ ಕೈಗೇ ಗೊತ್ತು. ಆಮೇಲೆ ದಂಡಿ, ಸೋರೆಬುರುಡೆ, ಯಾಳಿ ಮುಖ, ತಂತಿ ಹೊರುವ ಕುದುರೆ, ತಂತಿ ಬಿಗಿಯುವ ಬಿರಡೆ. ಕೊನೆಗೆ ಮೇಳ. 24 ಮೆಟ್ಟಿಲುಗಳನ್ನು ಮೇಣದಲ್ಲಿ ಒಂದೊಂದಾಗಿ ಕೂರಿಸಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ತಪ್ಪುತ್ತದೆ. ಅಂದರೆ ಮೇಳ ಕಟ್ಟುವವರಿಗೆ ವೈಣಿಕರಷ್ಟೇ ಶ್ರುತಿಜ್ಞಾನ ಬೇಕು. ಅವರನ್ನು ನಾವು ಸುಮ್ನೆ ಬಡಗಿ ಅಂದುಬಿಡುತ್ತೇವೆ.

ಹುಬ್ಬಳ್ಳಿ ಧಾರವಾಡದ ಹಿಂದೂಸ್ತಾನಿ ಸಂಗೀತದ ಬಗ್ಗೆ ನಾವು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇವೆ. ಮಾತಾಡಬೇಕು, ಅಂಥ ಗಾಯಕರು ಅವರು. ಆದರೆ ಗಾಯಕರ ಬೆನ್ನ ಹಿಂದೆ ಮಿಡಿಯುವ ತಂಬೂರಿಗೆ ಹೆಸರಾದ ಊರು ಗಡಿಯಾಚೆ ಮಹಾರಾಷ್ಟ್ರದ ಮಿರಜ್. ಅಲ್ಲಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಸಿತಾರ್, ತಂಬೂರಿ ಮಾಡುತ್ತಿದ್ದಾರೆ. ಮೊದಲು ಈ ಕೆಲಸಕ್ಕೆ ಕೈ ಹಾಕಿದವರು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು. 2024ರಲ್ಲಿ ಮಿರಜಿನ ಸಿತಾರ್‌ಗೂ ತಂಬೂರಿಗೂ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಅಧಿಕೃತ ಗುರುತು, ಸಿಕ್ಕಿತು. ನನಗೆ ತುಂಬಾ ಸಂತೋಷ ಆಯಿತು. ಸಂಗೀತದ ಗೆಳೆಯರಿಗೆಲ್ಲ ಸುದ್ದಿ ಕಳಿಸಿದೆ. ಹೆಚ್ಚಿನವರು ಒಂದು ಹೆಬ್ಬೆರಳು ಒತ್ತಿ ಸುಮ್ಮನಾದರು.

ಮೃದಂಗದ ವಿಷಯಕ್ಕೆ ಬಂದರೆ ನನಗೆ ಗಂಟಲು ಕಟ್ಟುತ್ತದೆ. ಮೃದಂಗಕ್ಕೆ ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಬೇಕು. ಅದನ್ನು ಹದ ಮಾಡಿ, ಬಾರು ಎಳೆದು, ಬಲಗಡೆ ಕರಣೆಯನ್ನು, ಅಂದರೆ ನಡುವಿನ ಕಪ್ಪು ಲೇಪವನ್ನು, ಪದರ ಪದರವಾಗಿ ಹಾಕಿ ಉಜ್ಜುವ ಕೆಲಸ ಮಾಡಿದವರು ಹೆಚ್ಚಾಗಿ ದಲಿತರು. ಮೃದಂಗ ವಿದ್ವಾನ್ ಪಾಲ್ಘಾಟ್ ಮಣಿ ಅಯ್ಯರ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರಿಗೆ ಮೃದಂಗ ಮಾಡಿಕೊಡುತ್ತಿದ್ದ ಪರ್ಲಾಂದು ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ನಾದ ಹುಟ್ಟಿದ್ದು ಇಬ್ಬರಿಂದಲೂ.

ನಮ್ಮ ತಂದೆ ಮೃದಂಗ ಪಾಠ ಹೇಳುತ್ತಿದ್ದದ್ದು ನಿಮಗೆ ಗೊತ್ತು. ಇದನ್ನು ಮಾತ್ರ ಇಲ್ಲಿವರೆಗೆ ಬರೆದಿರಲಿಲ್ಲ. ಮುಚ್ಚಿಗೆ ಹಾಕೋಕೆ ಬರುತ್ತಿದ್ದ ಹಿರಿಯರು ನಮ್ಮ ಮನೆಯ ಜಗಲಿ ದಾಟಿ ಒಳಗೆ ಬಂದಿದ್ದನ್ನು ನಾನು ನೋಡಲೇ ಇಲ್ಲ. ಅವರ ಕಾಫಿ ಲೋಟ ಬೇರೆ. ಅದು ಕಿಟಕಿ ಹೊರಗಿನ ಗೂಡಿನಲ್ಲಿರುತ್ತಿತ್ತು. "ಚರ್ಮದವನು ಬಂದಿದ್ದಾನೆ" ಅನ್ನುತ್ತಿದ್ದರು. ಅವರಿಗೊಂದು ಹೆಸರಿತ್ತು, ಅದು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅವರು ಮುಟ್ಟಿ ಕಟ್ಟಿದ ಮೃದಂಗ ಮಾತ್ರ ನೇರ ದೇವರ ಮನೆಗೆ ಹೋಗುತ್ತಿತ್ತು. ವಿಜಯದಶಮಿಗೆ ಅದಕ್ಕೆ ಅರಿಶಿನ ಕುಂಕುಮ, ಹೂವು. ನೆನಪಾದರೆ ಇವತ್ತಿಗೂ ಸಂಕಟ ಆಗುತ್ತದೆ.

ಇದನ್ನೆಲ್ಲ ಹೇಳಿದಾಗ ಒಬ್ಬ ಗೆಳೆಯರು, "ವಾದ್ಯ ಬರೀ ಮರ ಕಣ್ರೀ, ಜೀವ ತುಂಬೋದು ವಾದಕ. ಕ್ರಿಕೆಟ್ ನೋಡುವಾಗ ಬ್ಯಾಟ್ ಮಾಡಿದವರು ಯಾರು ಅಂತ ಕೇಳ್ತೀರಾ?" ಅಂದರು. ಈ ವಾದ ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ಯಾವ ವೈಣಿಕರನ್ನಾದರೂ ಕೇಳಿ. ಮೇಳ ಕೆಟ್ಟ ವೀಣೆ ಹಿಡಿದು ವೇದಿಕೆ ಹತ್ತುತ್ತಾರಾ? ಮೃದಂಗದವರನ್ನು ಕೇಳಿ. ಒಳ್ಳೆ ಮುಚ್ಚಿಗೆ ಹಾಕುವವರು ಸಿಕ್ಕಿದರೆ ಅವರನ್ನು ಬಿಟ್ಟು ಬೇರೆ ಕಡೆ ಹೋಗೋದೇ ಇಲ್ಲ. ನುಡಿಸುವವರಿಗೆ ಬೆಲೆ ಗೊತ್ತು. ವೇದಿಕೆ ಮೇಲೆ ಹೇಳುವುದಿಲ್ಲ, ಅಷ್ಟೇ.

ಇಟಲಿಯ ಕ್ರೆಮೋನಾದಲ್ಲಿ ಪಿಟೀಲು ಮಾಡುತ್ತಿದ್ದ ಸ್ಟ್ರಾಡಿವರಿ ತೀರಿಕೊಂಡಿದ್ದು 1737ರಲ್ಲಿ. ಇವತ್ತಿಗೂ ಅವರು ಮಾಡಿದ ಪಿಟೀಲು ಯಾರ ಕೈಯಲ್ಲಿದೆ ಅಂತ ಜನ ಲೆಕ್ಕ ಇಡುತ್ತಾರೆ. ಕಛೇರಿಯ ಹಾಳೆಯಲ್ಲಿ ವಾದಕರ ಹೆಸರಿನ ಜೊತೆ ಅದನ್ನೂ ಅಚ್ಚು ಹಾಕುತ್ತಾರೆ. ಇಲ್ಲಿ ನಮ್ಮ ಚೌಡಯ್ಯನವರು ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಿಸಲಿ ಅಂತ 7 ತಂತಿಯ ಪಿಟೀಲು ನುಡಿಸಿದರು. ಅವರ ನೆನಪಿಗೆ ಪಿಟೀಲಿನ ಆಕಾರದ್ದೇ ಒಂದು ಸಭಾಂಗಣ ಕಟ್ಟಿದೆವು. ಅದು ನಮ್ಮ ಊರಿನ ಹೆಮ್ಮೆ. ಆದರೆ 4 ತಂತಿಯ ವಾದ್ಯಕ್ಕೆ ಇನ್ನೂ 3 ಬಿರಡೆ ಕೂರಿಸಿದ ಕೈ ಯಾರದ್ದು ಅಂತ ಆ ಸಭಾಂಗಣದಲ್ಲಿ ಕೂತು ಕಛೇರಿ ಕೇಳಿದ ನಾವ್ಯಾರೂ ವಿಚಾರಿಸಲಿಲ್ಲ.

ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಸಿಹಿ ಮಾಡಿದ್ದೆವು. ಚರ್ಮವಾದ್ಯ ನುಡಿಸುವ ಕೈಗೆ ಆ ಗೌರವ ಸಿಗೋಕೆ ಇಷ್ಟು ಕಾಲ ಬೇಕಾಯಿತು. ಚರ್ಮ ಹದ ಮಾಡುವ ಕೈಗೆ ಇನ್ನೆಷ್ಟು ಕಾಲ ಬೇಕು?

ಸಭೆಗಳನ್ನು ನಡೆಸುವ ಗೆಳೆಯರು ಇಲ್ಲಿ ತುಂಬಾ ಜನ ಇದ್ದೀರಿ. ರಾಮನವಮಿ ಕಛೇರಿಗಳ ಕರಪತ್ರ ಅಚ್ಚಾಗುವ ಮುಂಚೆ ಕಲಾವಿದರಿಗೆ ಒಂದು ಫೋನ್ ಮಾಡಿ, ವಾದ್ಯ ಮಾಡಿದವರು ಯಾರು ಅಂತ ಕೇಳಿ, ಒಂದು ಸಾಲು ಸೇರಿಸಿ. ಖರ್ಚು ಏನೂ ಇಲ್ಲ. ಸಾಧ್ಯವಾದರೆ ಅವರನ್ನೂ ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿ. ಮನೆಯಲ್ಲಿ ವಾದ್ಯ ಇರುವವರು, ಅದನ್ನು ಮಾಡಿದವರನ್ನು ಒಂದು ಮಾತು ಕೇಳಿ, ಅವರ ಹೆಸರು, ಊರು ಕೆಳಗೆ ಬರೆಯಿರಿ. ನನ್ನ ವೀಣೆ ಸಿಂಪಾಡಿಪುರದ್ದು. ಮುಂದಿನ ವಾರ ಮೇಳ ಕಟ್ಟಿಸೋಕೆ ಹೋಗುತ್ತಿದ್ದೇನೆ. ಅವರು ಒಪ್ಪಿದರೆ ಹೆಸರು, ಫೋಟೋ ಎರಡನ್ನೂ ಹಾಕುತ್ತೇನೆ.