ದಾಸೋಜನಿಗೆ ರಜೆ ಇತ್ತೇ?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕನ್ನಡಿಗರ ಹೊಟ್ಟೆ ಉರಿಸುವುದು ಮಮ್ಮಿಗಳಲ್ಲ, ಒಂದು ಹಾಜರಿ ಪಟ್ಟಿ. ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಕಾಲದ ಸುಣ್ಣಕಲ್ಲಿನ ಚಪ್ಪಡಿ ಅದು. ರಾಜರ ಗೋರಿ ಕೊರೆದು ಬಣ್ಣ ತುಂಬುತ್ತಿದ್ದ ದೇರ್ ಎಲ್-ಮದೀನಾ ಎಂಬ ಹಳ್ಳಿಯ 40 ಕೆಲಸಗಾರರ ಹೆಸರು. ಬಾರದ ದಿನ ಕಪ್ಪು ಶಾಯಿಯಲ್ಲಿ, ಕಾರಣ ಕೆಂಪಿನಲ್ಲಿ. ಚೇಳು ಕಡಿದಿದೆ. ಕಣ್ಣುನೋವು. ಬಿಯರ್ ಮಾಡಬೇಕು. ತಾಯಿಯ ಹೆಣಕ್ಕೆ ಬಟ್ಟೆ ಸುತ್ತಬೇಕು. ಹೆಂಡತಿಯೋ ಮಗಳೋ ಹೊರಗಾಗಿದ್ದಾಳೆ. (ಹಿತ್ತಲ ಜಗಲಿಯ ಮೂಲೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.)

ಅಲ್ಲಿ ಲೆಕ್ಕವಿಲ್ಲದ್ದು ಯಾವುದೂ ಇಲ್ಲ. ತಾಮ್ರದ ಉಳಿಯನ್ನು ತೂಗಿ ಕೊಡುತ್ತಿದ್ದರು. ತೂಕದ ಕಲ್ಲಿನ ಮೇಲೆ ಅದನ್ನು ಬರೆದಿಡುತ್ತಿದ್ದರು, ಲೋಹ ಕದ್ದರೆ ತಿಳಿಯಲೆಂದು. ಗೋರಿಯೊಳಗಿನ ದೀಪದ ಬತ್ತಿಗಳನ್ನೂ ಎಣಿಸುತ್ತಿದ್ದರು. ಹತ್ತು ದಿನಕ್ಕೊಂದು ವಾರ. ತಿಂಗಳ ಕೂಲಿ 4 ಖಾರ್ ಗೋಧಿ ರೊಟ್ಟಿಗೆ, 1.5 ಖಾರ್ ಬಾರ್ಲಿ ಬಿಯರಿಗೆ. ಒಂದು ಖಾರ್ ಎಂದರೆ ಸುಮಾರು 77 ಲೀಟರು. ಮೂರನೇ ರಾಮ್ಸೆಸ್‌ನ 29ನೇ ವರ್ಷ ಕೂಲಿಧಾನ್ಯ ಬಾರದೆ ಹೋದಾಗ ಕೆಲಸ ಬಿಟ್ಟು ದೇವಸ್ಥಾನದ ಹಿಂದೆ ಧರಣಿ ಕೂತರು. ಅದೂ ದಾಖಲೆಯಲ್ಲಿದೆ.

ಗೋಡೆಯ ಕೆಲಸವೂ ಹಾಗೆಯೇ. ಕಲ್ಲಿನಲ್ಲಿ ಚಕಮಕಿ ಗಂಟು ಸಿಕ್ಕರೆ ಕಿತ್ತು, ಕುಳಿಗೆ ಜಿಪ್ಸಮ್ ಗಾರೆ ಮೆತ್ತಬೇಕು. ಆಮೇಲೆ ಕೆಮ್ಮಣ್ಣಿನ ನೀರಲ್ಲಿ ಅದ್ದಿದ ನೂಲು ಮಿಡಿದು ಚೌಕ ಹಾಕುವುದು, ನಮ್ಮ ಬಡಗಿಗಳು ಮರಕ್ಕೆ ಹೊಡೆಯುವಂತೆಯೇ. ನಿಂತ ಮನುಷ್ಯ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ಕೆಂಪಿನಲ್ಲಿ ಕರಡು, ಕಪ್ಪಿನಲ್ಲಿ ತಿದ್ದುಪಡಿ, ಆಮೇಲೆ ಉಳಿ, ಕೊನೆಗೆ ಬಣ್ಣ.

ಇನ್ನು ನಮ್ಮ ಬೇಲೂರು, 1117ರ ಗುಡಿ. ಕೆತ್ತಿದವರು ಯಾರೆಂದರೆ ಈಗಲೂ ಜಕಣಾಚಾರಿ, ಡಂಕಣ, ಕಲ್ಲೊಳಗಿನ ಕಪ್ಪೆ! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ವಿಗ್ರಹಗಳ ಬುಡದಲ್ಲೇ ಹೆಸರು ಕೊರೆದಿಟ್ಟಿದ್ದರೂ ಕಪ್ಪೆಯೇ ಗೆದ್ದಿತು. ಆ ಸಹಿಗಳಲ್ಲಾದರೂ ಬಿರುದಿನ ಆರ್ಭಟವಿದೆ, ತಿಂಗಳಿಗೆ ಎಷ್ಟು ಕೊಳಗ ಭತ್ತ ಎಂಬುದಿಲ್ಲ. ದಾಸೋಜನಿಗೂ ಒಂದು ದಿನ ಚೇಳು ಕಡಿದಿರಬೇಕಲ್ಲ?

ಸರಿ, ಮರುಭೂಮಿಯ ಒಣಹವೆಯಲ್ಲಿ ಕಸದ ಗುಂಡಿಗೆ ಎಸೆದ ಚೂರೂ ಉಳಿಯಿತು. ಮಲೆನಾಡಿನ ಮಳೆ, ಗೆದ್ದಲಿನ ಎದುರು ಓಲೆಗರಿ ಎಷ್ಟು ದಿನ ಬಾಳೀತು. ಇನ್ನೊಂದನ್ನೂ ಒಪ್ಪಬೇಕು. ಈಜಿಪ್ಟಿನ ದೊರೆ ಹೊರೆಮ್ಹೆಬ್‌ನ ಅರ್ಧಕ್ಕೆ ನಿಂತ ಗೋರಿಯಲ್ಲಿ ಆ ಕೆಂಪು ಗೆರೆ, ಅದನ್ನು ತಿದ್ದಿದ ಕಪ್ಪು ಗೆರೆ ಇವತ್ತಿಗೂ ಕಾಣುತ್ತವೆ. ತಿದ್ದಿದವನ ಸಹಿ ಅಲ್ಲಿಲ್ಲ. ನಮ್ಮ ರೂವಾರಿ ಮಲ್ಲಿತಮ್ಮ ಬಿಡುವಿದ್ದಾಗ ‘ಮಲ್ಲಿ’ ಎಂದು ಕೊರೆದ, ಅವಸರವಿದ್ದಾಗ ಬರೀ ‘ಮ’.