ಅರವತ್ತು ರೊಟ್ಟಿ ದೂರದ ಹಿಮ

ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ವಿಜಯಪುರದಲ್ಲಿ ಯಾರೂ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬಾರದು. ಫ್ಯಾನು ಬಿಸಿಗಾಳಿಯನ್ನೇ ಕಲಸಿ ಕಲಸಿ ಮೈಮೇಲೆ ಸುರಿಯುತ್ತಿರುತ್ತದೆ, ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವುದೊಂದೇ ಬಾಕಿ ಅನ್ನುವಂಥ ನೀರು ಬರುತ್ತದೆ, ತಲೆ ಇರುವುದು ಟೋಪಿ ಇಡೋಕೆ ಮಾತ್ರ. ಅಂಥ ಹೊತ್ತಲ್ಲಿ ನನ್ನ ಮಗ, ಇಂಜಿನಿಯರಿಂಗ್ ಎರಡನೇ ವರ್ಷದವನು, ಮೊಬೈಲ್‌ನಿಂದ ಕಣ್ಣು ಎತ್ತದೇ "ಅಪ್ಪಾ, ಈ ಸಲ ಸ್ಕೀಯಿಂಗಿಗೆ ಹೋಗೂಣೇನು?" ಅಂದ. ನಾನು ಹೂಂ ಅಂದೆ. ಅವನು ಕೇಳಿದ್ದೇನು ಅಂತ ತಲೆಗೆ ಹೋಗಿದ್ದು ಆಮೇಲೆ.

ಕೊಟ್ಟ ಮಾತು ವಾಪಸ್ ತಗೊಳ್ಳೋಕೆ ಆಗಲ್ಲ, ಷರತ್ತು ಹಾಕಬಹುದು. ವಿಮಾನ ಬೇಡ, ಕಾರಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಜಾಗ ಹುಡುಕು ಅಂದೆ. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ.

ಹಿಮಕ್ಕೂ ನಮ್ಮೂರಿಗೂ ಇರುವ ಸಂಬಂಧ ಹೇಳಿಕೊಳ್ಳುವಂಥದ್ದಲ್ಲ. ನಮಗೆ ಬರ್ಫ್ ಗೊತ್ತು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಟಾಣಿ ಪ್ಯಾಕೆಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿರುತ್ತದಲ್ಲ, ಅದು. ಇನ್ನೊಂದು ಆಣೆಕಲ್ಲು. ತಿಕೋಟಾ ಕಡೆ ನಮ್ಮ ಕಾಕಾನ ದ್ರಾಕ್ಷಿ ತೋಟ ಇದೆ. ಗೊನೆ ಕೊಯ್ಯುವ ಹೊತ್ತಿಗೆ ಮುಗಿಲು ಕಪ್ಪಾದರೆ ಅವನ ಮುಖವೂ ಕಪ್ಪಾಗುತ್ತದೆ. ಹತ್ತು ನಿಮಿಷ ಆಣೆಕಲ್ಲು ಬಿತ್ತೆಂದರೆ ವರ್ಷದ ದುಡಿಮೆ ನೆಲಕ್ಕೆ. ಅಂಥವನಿಗೆ, ಕಾಕಾ, ಮುಗಿಲಿಂದ ಬಿದ್ದ ಬರ್ಫಿನ ಮೇಲೆ ಜಾರೋಕೆ ರೊಕ್ಕ ಕೊಟ್ಟು ಹೋಗ್ತೀವಿ ಅಂತ ಹೇಳಿದಾಗ ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಕೊನೆಗೆ ಒಂದೇ ಮಾತು ಕೇಳಿದ. "ವಿಮಾ ಮಾಡ್ಸೀಯೇನು?"

ಮಗ ಹುಡುಕಿದ. ಹತ್ತಿರದಲ್ಲಿ ಎಲ್ಲಿದೆ ಅಂತ ಮೊಬೈಲ್‌ಗೆ ಕೇಳಿದರೆ ಅದು ಊರ ಹೊರಗಿನ ಒಂದು ಐಸ್ ಫ್ಯಾಕ್ಟರಿ ತೋರಿಸಿತು. ನಾಲ್ಕು ಕಿಲೋಮೀಟರ್. ನನಗೆ ಸಾಕಾಗಿತ್ತು, ಅವನಿಗೆ ಸಾಲಲಿಲ್ಲ.

ಆಮೇಲೆ ಕರ್ನಾಟಕದೊಳಗೆ ಹುಡುಕಾಟ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,900 ಮೀಟರ್ ಚಿಲ್ಲರೆ. ಅಲ್ಲಿ ಮಂಜು ಕವಿಯುತ್ತದೆ, ಮಂಜು ಬೀಳುವುದಿಲ್ಲ. ಕನ್ನಡದಲ್ಲಿ ಎರಡಕ್ಕೂ ಮಂಜು ಅಂತಲೇ ಅನ್ನೋದರಿಂದ ಅರ್ಧ ಗಂಟೆ ಸುಮ್ನೆ ಜಗಳ ಆಯಿತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ "ಊಟಿ ಯಾಕ ಬ್ಯಾಡ?" ಅಂದಳು. ಅವಳಿಗೆ ಮದುವೆಯಾದಾಗಿನಿಂದ ಊಟಿ ಬಾಕಿ ಇದೆ, ಯಾವ ಮಾತು ಎಲ್ಲಿ ಶುರುವಾದರೂ ಊಟಿಗೆ ಬಂದು ನಿಲ್ಲುತ್ತದೆ. ಮಗ ಊಟಿಯ ದೊಡ್ಡಬೆಟ್ಟದ ಎತ್ತರ ನೋಡಿದ: 2,637 ಮೀಟರ್. ಕಾಶ್ಮೀರದ ಗುಲ್ಮರ್ಗ್ ನೋಡಿದ: 2,650.

"ಹದಿಮೂರು ಮೀಟರ್ ಸಲುವಾಗಿ ಕಾಶ್ಮೀರತನಾ ಯಾಕ ಹೋಗಬೇಕ್ರಿ?" ಅಂದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗನೇ ಬಿಡಿಸಿ ಹೇಳಿದ. ಊಟಿ ಇರೋದು ಹನ್ನೊಂದನೇ ಅಕ್ಷಾಂಶದಲ್ಲಿ, ಗುಲ್ಮರ್ಗ್ ಮೂವತ್ನಾಲ್ಕರಲ್ಲಿ. ಮೇಲಾಗಿ ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಮಳೆಗಾಳಿ ಇರಾನ್, ಅಫ್ಘಾನಿಸ್ತಾನ ದಾಟಿ ಬಂದು ಹಿಮಾಲಯಕ್ಕೆ ಬಡಿದು ಹಿಮವಾಗಿ ಸುರಿಯುತ್ತದೆ. ಊಟಿಗೆ ಅಂಥ ಪಾಹುಣ್ಯಾರು ಬರೋದಿಲ್ಲ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಗಟ್ಟಿಯಾಗಿ ಹುಲ್ಲು ಬೆಳ್ಳಗಾಗುತ್ತದೆ, ಅಷ್ಟೇ. "ಜಾರಾಕ ಅಷ್ಟ ಸಾಕಲ್ಲ?" ಅಂತ ಅವಳು ಇನ್ನೊಂದು ಸಲ ಪ್ರಯತ್ನ ಮಾಡಿ ಒಳಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಗೆದ್ದಂತೆ. ಆದರೆ ಆವತ್ತು ಸಂಜೆ ಹೆಂಡತಿಯ ತಮ್ಮ ಬಂದ. ಅವನಿಗೆ ರಸ್ತೆಗಳ ಹುಚ್ಚು. ನಂಬರ್ ಹೇಳಿದರೆ ಸಾಕು, ಎಲ್ಲಿಂದ ಎಲ್ಲಿಗೆ, ನಡುವೆ ಎಷ್ಟು ಟೋಲ್ ಅಂತ ಒದರುತ್ತಾನೆ. ಬಂದವನೇ ಚಪ್ಪಲಿಯನ್ನೂ ಬಿಡದೆ ಸೋಲಾಪುರ ರಸ್ತೆ ಕಡೆ ಕೈ ಮಾಡಿ, "ಮಾಮಾ, ಇದು ಯಾವ ರೋಡು ಹೇಳ್ರಿ? ಎನ್‌ಎಚ್ 52. ಅಂಕೋಲಾದಾಗ ಹುಟ್ಟಿ ನಮ್ಮೂರ ಮ್ಯಾಲ ಹಾದು ಸೀದಾ ಪಂಜಾಬಿನ ಸಂಗ್ರೂರಿಗೆ ಹೋಗ್ತೈತಿ. ಅಲ್ಲಿಂದ ಹಿಮಾಚಲ ಬಾಜೂಕ. ಇದಕ್ಕಿಂತ ಹತ್ರ ಏನ ಬೇಕ್ರಿ ನಿಮಗ?" ಅಂದ.

ನಿಜ. ನೋಡಿದೆ. ಸೋಲಾಪುರ, ಔರಂಗಾಬಾದ್, ಧುಳೆ, ಇಂದೋರ್, ಕೋಟಾ, ಜೈಪುರ, ಹಿಸಾರ್. ಎಲ್ಲಾ ಒಂದೇ ನಂಬರ್. ಇಪ್ಪತ್ತು ವರ್ಷದಿಂದ ನಾನು ಈ ರಸ್ತೆಗೆ ತರಕಾರಿ ಚೀಲ ಹಿಡಿದು ಇಳಿದಿದ್ದೇನೆ, ಇದು ಹಿಮಾಲಯದ ದಿಕ್ಕಿಗೆ ಹೊರಟಿದೆ ಅಂತ ಯಾರೂ ಹೇಳಿರಲಿಲ್ಲ. ಮನಾಲಿ ಎರಡು ಸಾವಿರ ಕಿಲೋಮೀಟರ್ ಮೇಲಾಗುತ್ತದಲ್ಲೋ ಅಂದರೆ "ತಿರುವ ಇಲ್ಲಲ್ರಿ ಮಾಮಾ, ಹಾದಿ ತಪ್ಪಾಂಗಿಲ್ಲ" ಅಂತಾನೆ.

ಹೆಂಡತಿ ಲೆಕ್ಕಕ್ಕೆ ಕೂತಳು. ಅವಳಿಗೆ ಕಿಲೋಮೀಟರ್ ಅರ್ಥವಾಗುವುದಿಲ್ಲ, ರೊಟ್ಟಿ ಅರ್ಥವಾಗುತ್ತದೆ. ನಮ್ಮ ಕಡೆ ಪ್ರವಾಸದ ದೂರ ಅಳೆಯೋದು ಹಾಗೆಯೇ. ಚಪಾತಿ ಎರಡು ದಿನಕ್ಕೆ ಕೆಡುತ್ತದೆ, ಆದ್ದರಿಂದ ಚಪಾತಿ ತಿನ್ನುವ ಜನ ಬಹಳ ದೂರ ಹೋಗಲಾರರು. ಕಡಕ್ ರೊಟ್ಟಿ ತಿಂಗಳಾದರೂ ಜಪ್ಪಯ್ಯ ಅನ್ನಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಕೆಂಪು ಖಾರ ಇದ್ದರೆ ಇಡೀ ಭರತಖಂಡವೇ ಕಾರಲ್ಲಿ ಹೋಗಿ ಬರುವಷ್ಟು ದೂರ. ನಾನು ಹಾಕಿದ ಷರತ್ತು ನಮ್ಮ ಮನೆ ಅಡುಗೆಮನೆಯಲ್ಲೇ ಬಿದ್ದುಹೋಯಿತು.

ಈಗ ಎಲ್ಲಿಗೆ ಅನ್ನೋದು. ಮಗ ಮೂರು ಜಾಗ ಮುಂದಿಟ್ಟ, ನಮ್ಮ ಅವ್ವ ಮೂರಕ್ಕೂ ಅಲ್ಲಿ ಯಾವ ದೇವರು ಅಂತ ಕೇಳಿದಳು.

ಗುಲ್ಮರ್ಗ್ ದೊಡ್ಡ ಹೆಸರು. ಗೊಂಡೋಲಾ ಅನ್ನೋ ಕೇಬಲ್ ಕಾರು ಎರಡು ಹಂತದಲ್ಲಿ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,980 ಮೀಟರ್‌ವರೆಗೆ ಒಯ್ಯುತ್ತದೆ. ಆದರೆ ಆ ಮೇಲಿನ ಇಳಿಜಾರು ಪಳಗಿದವರಿಗೆ, ಹಿಮ ಕುಸಿಯುವ ಭಯವೂ ಉಂಟು. ಹೊಸಬರು ಕೆಳಗಿನ ಮಟ್ಟಸ ಜಾಗದಲ್ಲಿ ಬೀಳುತ್ತಾ ಏಳುತ್ತಾ ಇರಬೇಕು. ಮನಾಲಿ ಹತ್ತಿರದ ಸೋಲಾಂಗ್ ಕಲಿಯೋಕೆ ಸಲೀಸು, ಆದರೆ ಜಾತ್ರೆಯಷ್ಟು ಜನ. ನನ್ನನ್ನು ಕೇಳಿದರೆ ಉತ್ತರಾಖಂಡದ ಔಲಿ ಚಂದ. ಇಳಿಜಾರು ಅಗಲ, ಎದುರಿಗೆ ನಂದಾದೇವಿ. ಬಿದ್ದರೂ ಏನಾದರೂ ನೋಡುತ್ತಾ ಬಿದ್ದಿರಬಹುದು. ಆದರೆ 2023ರ ಜನವರಿಯಲ್ಲಿ ಕೆಳಗಿನ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದ್ದರು, ಆ ಸುದ್ದಿ ಟಿವಿಯಲ್ಲಿ ನೋಡಿದ್ದ ಅವ್ವ ಮರೆತಿರಲಿಲ್ಲ.

"ಅಲ್ಲೇ ಬದರೀನಾಥ ಐತಲ್ಲ?" ಅಂತ ಆಸೆಯಿಂದ ಕೇಳಿದಳು. ಐತಿ ಅಜ್ಜಿ, ಆದರ ಚಳಿಗಾಲದಾಗ ಗುಡಿ ಮುಚ್ಚತಾರ, ಪೂಜೆ ಕೆಳಗ ಜೋಶಿಮಠದಾಗ ಮಾಡತಾರ ಅಂದ ಮೊಮ್ಮಗ. ಅವ್ವ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು, "ಥಂಡಿಗೆ ದೇವರ ಕೆಳಗ ಇಳದ ಬರ್ತಾನ, ನೀವು ಮ್ಯಾಲ ಹತ್ತಾಕ ಹೊಂಟೀರಿ" ಅಂದಳು. ಔಲಿ ಅಲ್ಲಿಗೆ ಮುಗಿಯಿತು.

ಮನಾಲಿಯಲ್ಲಿ ಹಿಡಿಂಬೆಯ ಗುಡಿ ಇದೆ ಅಂದಾಗ "ರಾಕ್ಷಸಿಗೆ ಗುಡಿ?" ಅಂತ ಗಾಬರಿಯಾದಳು. ಆಮೇಲೆ ಭೀಮನ ಹೆಂಡತಿ ಅಂದರೆ ನಮ್ಮವಳೇ ಅಂತ ಸಮಾಧಾನ ಮಾಡಿಕೊಂಡಳು. ಹಾದಿಯಲ್ಲೇ ತುಳಜಾಪುರ, ಅದೂ ಎನ್‌ಎಚ್ 52ರ ಮೇಲೆಯೇ. ಮನಾಲಿ ಬಹುಮತದಿಂದ ಪಾಸಾಯಿತು.

ತಾಲೀಮು ಶುರು. ಕಾಕಾ ಬಂದಿದ್ದ ದಿನ ಮಗ ಅಂಗಳದಲ್ಲಿ ನಿಂತು ಬ್ರೇಕ್ ಹಾಕೋದು ತೋರಿಸಿದ. ಪಾದದ ತುದಿ ಒಳಗೆ, ಹಿಮ್ಮಡಿ ಹೊರಗೆ, ಮೊಣಕಾಲು ಬಾಗಿಸಿ ಒಳಅಂಚನ್ನು ಹಿಮಕ್ಕೆ ಒತ್ತಬೇಕು. ಇದಕ್ಕೆ ಸ್ನೋಪ್ಲೌ ಅಂತಾರೆ, ಅಂದರೆ ಹಿಮದ ನೇಗಿಲು. ಕಾಕಾನ ಕಿವಿ ನೆಟ್ಟಗಾಯಿತು. "ರಂಟಿ ಹೊಡ್ಯಾಕ ಅಷ್ಟ ದೂರ ಯಾಕೋ? ನಮ್ಮ ಹೊಲಕ್ಕ ಬಾ. ಊಟಾನೂ ಹಾಕ್ತೀನಿ."

ಮರುದಿನ ಸ್ನೋಬೋರ್ಡ್ ಪಾಠ. ಇದರಲ್ಲಿ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿಯುತ್ತಾರೆ, ಯಾವ ಕಾಲು ಮುಂದಿರಬೇಕು ಅಂತ ಮೊದಲೇ ತಿಳಿದುಕೊಂಡಿರಬೇಕು. ಎಡಗಾಲು ಮುಂದಾದರೆ ರೆಗ್ಯುಲರ್, ಬಲಗಾಲು ಮುಂದಾದರೆ ಗೂಫಿ. ತಿಳಿಯೋ ದಾರಿ ಬಹಳ ಸುಲಭ: ಹೇಳದೇ ಕೇಳದೇ ಹಿಂದಿನಿಂದ ಒಮ್ಮೆ ನೂಕಬೇಕು, ಬೀಳದಿರಲಿ ಅಂತ ಯಾವ ಕಾಲು ಮುಂದೆ ಹೋಗುತ್ತದೋ ಅದೇ. ಮಗ ಇದನ್ನು ತನ್ನ ಸೋದರಮಾವನಿಗೆ ಹೇಳಿದ್ದ. ನನಗೆ ಹೇಳಿರಲಿಲ್ಲ.

ಬೆಳಗ್ಗೆ ಎಂಟು ಗಂಟೆ. ಮಾಳಿಗೆಯ ಮೇಲೆ ಅವ್ವ ಪ್ಲಾಸ್ಟಿಕ್ ಹಾಳೆ ಹಾಸಿ ಸಾಬುದಾಣಿ ಸಂಡಿಗೆ ಹಾಕುತ್ತಿದ್ದಳು. ಕಾಗೆ ಕಾಯೋಕೆ ನಾನು. ಹಾಳೆಯ ಅಂಚಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ, ಇನ್ನೂ ಹಸಿಯಾಗಿದ್ದ ಸಂಡಿಗೆ ಸಾಲು ಸಾಲಾಗಿ ಬಿಳಿಬಿಳಿಯಾಗಿ ಹೊಳೆಯುತ್ತಿತ್ತು, ಹಿಂದಿನಿಂದ ಹೆಂಡತಿಯ ತಮ್ಮ ನೂಕಿದ.

ರೆಗ್ಯುಲರ್ರೂ ಅಲ್ಲ, ಗೂಫಿಯೂ ಅಲ್ಲ. ಎರಡೂ ಕಾಲು ಇದ್ದಲ್ಲೇ ಉಳಿದವು, ಹೊಟ್ಟೆ ಮುಂದೆ ಹೋಯಿತು. ಹಸಿ ಸಾಬುದಾಣಿ ಎಷ್ಟು ಜಾರುತ್ತದೆ ಅಂತ ಬಿದ್ದವರಿಗೇ ಗೊತ್ತು. ಬಿಳಿ ನೆಲದ ಮೇಲೆ ನಾಲ್ಕಡಿ ಸರಾಗವಾಗಿ ಹೋದೆ, ನೀರಿನ ಟಾಕಿಯ ಕಟ್ಟೆಗೆ ತಲೆ ತಾಗಿದಾಗ ನಿಂತೆ. ಬನಿಯನ್ ಮೇಲೆ ಹನ್ನೊಂದು ಸಂಡಿಗೆ, ಒಂದೊಂದರಲ್ಲೂ ಜೀರಿಗೆ ಎಣಿಸುವಷ್ಟು ಸ್ಪಷ್ಟ. ಅವ್ವ ನನ್ನ ತಲೆ ನೋಡಲಿಲ್ಲ. "ತಮ್ಮಾ, ಅಲ್ಲಾಡಬ್ಯಾಡ, ಹಂಗ ಬಿಸಲಾಗ ಮಲ್ಕೋ. ಒಣಗಿದ ಮ್ಯಾಲ ಬಿಡಿಸ್ತೀನಿ" ಅಂದಳು.

ಹಣೆಗೆ ಫ್ರಿಜ್ಜಿನ ಬಟಾಣಿ ಪ್ಯಾಕೆಟ್ ಒತ್ತಿ ಕೂತಾಗಲೇ ಮಗನಿಗೆ ಒಂದು ವಿಷಯ ಹೊಳೆದಿದ್ದು. ಈಗ ಮೇ. ಸೋಲಾಂಗ್‌ನಲ್ಲಿ ಈಗ ಹುಲ್ಲು, ಪ್ಯಾರಾಗ್ಲೈಡಿಂಗ್. ಸ್ಕೀಯಿಂಗ್ ಅಂದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಆಗಲಾದರೂ ಖಾತ್ರಿ ಇದೆಯಾ ಅಂದರೆ ಅದೂ ಇಲ್ಲ. 2024ರ ಜನವರಿಯಲ್ಲಿ ಗುಲ್ಮರ್ಗ್‌ನಲ್ಲೇ ಹಿಮ ಇಲ್ಲದೆ ಕಂದು ಹುಲ್ಲು ಕಾಣುತ್ತಿತ್ತು, ಬಂದವರು ಕೋಟು ಹಾಕಿಕೊಂಡು ಅದರ ಮೇಲೇ ಫೋಟೋ ತೆಗೆಸಿಕೊಂಡರು, ಹಿಮ ಬಿದ್ದಿದ್ದು ತಿಂಗಳ ಕೊನೆಗೆ. ಇದು ಮಾತ್ರ ಕಾಕಾನಿಗೆ ಸರಿಯಾಗಿ ಅರ್ಥವಾಯಿತು. "ಹಂಗಾರ ಅವರಿಗೂ ನಮ್ಮಂಗ ಮುಗಿಲ ನೋಡೂದೈತಿ ಅನ್ನು" ಅಂದ. ಮೊದಲ ಸಲ ಆ ಊರಿನವರ ಬಗ್ಗೆ ಅವನಿಗೆ ಪ್ರೀತಿ ಬಂದಂತಿತ್ತು.

ಕೊನೆಗೆ ಸಿಕ್ಕಿದ್ದು ಹೈದರಾಬಾದು. ಅಲ್ಲಿ ಕಟ್ಟಡದೊಳಗೆ ಯಂತ್ರದಿಂದ ಹಿಮ ಮಾಡಿ ಹಾಸಿರುತ್ತಾರೆ. ಸಿಂದಗಿ, ಜೇವರ್ಗಿ, ಕಲಬುರಗಿ ಮೇಲೆ ಹೆಚ್ಚೂಕಮ್ಮಿ ನಾನೂರು ಕಿಲೋಮೀಟರ್. ಹೆಂಡತಿ ಯಾವುದಕ್ಕೂ ಇರಲಿ ಅಂತ ಅರವತ್ತು ರೊಟ್ಟಿ ಕಟ್ಟಿದಳು. ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಎಂಟು ಗಂಟೆಗೆ ಕಾರಿನ ಎಸಿ ಕೈಕೊಟ್ಟಿತು.

ಅಲ್ಲಿ ದಪ್ಪ ಜಾಕೆಟ್, ಕೈಗವಸು, ಮೊಣಕಾಲುದ್ದ ಬೂಟು ಕೊಟ್ಟರು. ನಲವತ್ತು ಡಿಗ್ರಿಯಿಂದ ಒಳಗೆ ಕಾಲಿಟ್ಟರೆ ನನ್ನ ಕನ್ನಡಕ ಮಬ್ಬಾಗಿ ಏನೂ ಕಾಣಲಿಲ್ಲ, ಬಾಗಿಲಲ್ಲೇ ಜಾರಿ ಕೂತೆ. ಸ್ಕೀ ಹಲಗೆ ಅಲ್ಲಿರಲಿಲ್ಲ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ಒಂದು ಸಣ್ಣ ಇಳಿಜಾರಿನಲ್ಲಿ ಬರಬೇಕು, ಅಷ್ಟೇ. ಮಗನ ಮುಖ ಸಪ್ಪಗಾಯಿತು. ಅವ್ವ ಇಳಕಲ್ ಸೀರೆ ಎತ್ತಿ ಕಟ್ಟಿ, ಮೇಲೆ ನೀಲಿ ಜಾಕೆಟ್ ಹಾಕಿ, ಟ್ಯೂಬಿನಲ್ಲಿ ಕೂತು "ವಿಠ್ಠಲಾ" ಅಂತ ಕೂಗಿ ಜಾರಿ ಬಂದಳು. ಎದ್ದು ಮತ್ತೆ ಮೆಟ್ಟಿಲು ಹತ್ತಿದಳು. ಮೂರನೇ ಸಲ ಕೆಳಗೆ ಬಂದಾಗ ಒಂದು ಹಿಡಿ ಹಿಮ ತೆಗೆದು ಉಜ್ಜಿ ನೋಡಿ, "ಫ್ರಿಜ್ಜ್ ಕೆರೆದರ ಬರೂದು ಇದ ಅಲ್ಲೇನು?" ಅಂತ ಕೇಳಿ, ನಾಲ್ಕನೇ ಸಲಕ್ಕೆ ಹೋದಳು.

ಹೊರಗೆ ಕಾರಿನ ಡಿಕ್ಕಿ ತೆಗೆದು ಗಂಟು ಬಿಚ್ಚಿದೆವು. ಹೆಂಡತಿಯ ತಮ್ಮ ಉಳಿದ ರೊಟ್ಟಿ ಎಣಿಸಿದ. ನಲವತ್ತಾರು. ಹದಿನಾಲ್ಕು ರೊಟ್ಟಿಗೆ ನಾನೂರು ಕಿಲೋಮೀಟರ್ ಬಂದಿದ್ದೀವಿ ಅಂದರೆ ಅರವತ್ತಕ್ಕೆ ಸಾವಿರದ ಏಳುನೂರು, ಸೋಲಾಪುರದ ಕಡೆ ತಿರುಗಿದ್ದರೆ ಜೈಪುರ ದಾಟ್ತಿದ್ವಿ ಮಾಮಾ, ಅಂತ ಲೆಕ್ಕ ಒಪ್ಪಿಸಿದ. ಮಗ ಆಗಲೇ ಮೊಬೈಲ್ ತೆಗೆದು ಜನವರಿಯ ತಾರೀಖು ನೋಡುತ್ತಿದ್ದ. ಹೆಂಡತಿ ರೊಟ್ಟಿ ಮೇಲೆ ಚಟ್ನಿ ಹಾಕಿ ನನ್ನ ಕೈಗಿಡುತ್ತಾ ಏನೋ ಕೇಳಿದಳು. ಕಿವಿ ಇನ್ನೂ ಮರಗಟ್ಟಿತ್ತು. ಹೂಂ ಅಂದೆ.

"ಹಂಗಾರ ನೂರು ಬಡೀತೀನಿ" ಅಂದಳು.